ಬಣ್ಣಕ್ಕಿಂತ ಮೊದಲು ಅಳತೆ: ಹಳೆಯ ಸರ್ಫೇಸ್ ಪ್ಲೇನರ್ ಒಂದನ್ನು ಮತ್ತೆ ಕೆಲಸಕ್ಕೆ ಹಚ್ಚಿದ ಅನುಭವ

ಹಲಗೆಯ ಮುಖ ಮತ್ತು ಅಂಚನ್ನು ಕೆತ್ತಿ ನೇರ ಮಾಡುವ ಯಂತ್ರಕ್ಕೆ ಸರ್ಫೇಸ್ ಪ್ಲೇನರ್ ಎನ್ನುತ್ತಾರೆ. ನಾನು ತಂದ ಆರು ಇಂಚಿನ ಪ್ಲೇನರ್ ಎಷ್ಟೋ ವರ್ಷ ಯಾರೂ ಮುಟ್ಟದೆ ನಿಂತಿದ್ದ ಯಂತ್ರ. ಎರಕದ ಕಬ್ಬಿಣದ ಎರಡೂ ಮೇಜುಗಳ ಮೇಲೆ ತುಕ್ಕು ಹರಡಿತ್ತು. ಬ್ಲೇಡುಗಳನ್ನು ಹಿಡಿದಿಡುವ ಕಟರ್ ಬ್ಲಾಕನ್ನು ಕೈಯಿಂದ ತಿರುಗಿಸಿದರೆ ಒಳಗೆ ಮರಳು ಅರೆದಂತೆ ಸದ್ದಾಗುತ್ತಿತ್ತು. ಇದಕ್ಕೂ ಮೊದಲು ಹಳೆಯ ಬ್ಯಾಂಡ್ ಸಾ ಒಂದನ್ನು ದುರಸ್ತಿ ಮಾಡಿದಾಗ ನಾನು ತುಕ್ಕು ಮತ್ತು ಬಣ್ಣದಿಂದ ಕೆಲಸ ಆರಂಭಿಸಿದ್ದೆ. ಎಲ್ಲ ಜೋಡಿಸಿ ಮುಗಿದ ಮೇಲೆ ಮೇಲಿನ ಚಕ್ರದ ಶಾಫ್ಟು ಬಾಗಿರುವುದು ಗೊತ್ತಾಗಿ, ಹೊಸ ಬಣ್ಣವನ್ನು ಕೆಡಿಸಿಕೊಂಡು ಅದನ್ನು ಮತ್ತೆ ಬಿಚ್ಚಬೇಕಾಯಿತು. ಹಾಗಾಗಿ ಈ ಸಲ ಒಂದು ತಿರುಪನ್ನೂ ಸಡಿಲಿಸುವ ಮೊದಲು ಅಳತೆಗೆ ಕುಳಿತೆ.

ಅಳತೆಗೂ ಮೊದಲು ನೋಡಬೇಕಾದದ್ದು ಕಟರ್ ಬ್ಲಾಕಿನ ಆಕಾರ. ಬಹಳ ಹಳೆಯ ಯಂತ್ರಗಳಲ್ಲಿ ಅದು ಚೌಕವಾಗಿರುತ್ತದೆ. ಚೌಕದ ಬದಿ ಮತ್ತು ಮೇಜಿನ ನಡುವಿನ ದೊಡ್ಡ ಸಂದಿಗೆ ಬೆರಳು ಸಿಕ್ಕರೆ ಆಳಕ್ಕೆ ಎಳೆದುಕೊಳ್ಳುತ್ತದೆ. ಅಂಥದನ್ನು ಪ್ರದರ್ಶನಕ್ಕೆ ಇಟ್ಟುಕೊಳ್ಳಬಹುದೇ ಹೊರತು ಕೆಲಸಕ್ಕೆ ಹಚ್ಚಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನನ್ನ ಯಂತ್ರದ್ದು ದುಂಡನೆಯ ಬ್ಲಾಕು, ಅದರಲ್ಲಿ ಮೂರು ಬ್ಲೇಡು. ಎರಕದಲ್ಲಿ ಎಲ್ಲಿಯೂ ಬಿರುಕಿನ ಗೆರೆ ಇರಲಿಲ್ಲ.

ಈ ಯಂತ್ರದ ಜೀವಾಳವೆಂದರೆ ಎರಡು ಮೇಜುಗಳು ಒಂದಕ್ಕೊಂದು ಸಮಾನಾಂತರವಾಗಿರುವುದು. ಹಲಗೆ ಒಳಹೋಗುವ ಕಡೆಯ ಮೇಜು ಎಷ್ಟು ತಗ್ಗಿನಲ್ಲಿದೆಯೋ ಅಷ್ಟು ಮರ ಕೆತ್ತಿಹೋಗುತ್ತದೆ. ಹೊರಬರುವ ಕಡೆಯ ಮೇಜು ಬ್ಲೇಡಿನ ತುದಿಯ ಮಟ್ಟಕ್ಕೆ ನಿಂತು ಕೆತ್ತಿದ ಮುಖಕ್ಕೆ ಆಧಾರ ಕೊಡುತ್ತದೆ. ಎರಡನ್ನೂ ಒಂದೇ ಮಟ್ಟಕ್ಕೆ ತಂದು, ಹೊರಬದಿಯ ಮೇಜಿನ ಮೇಲೆ ಉಕ್ಕಿನ ನೇರಪಟ್ಟಿಯನ್ನು ಒತ್ತಿ ಹಿಡಿದು, ಅದರ ಚಾಚಿದ ಭಾಗ ಒಳಬದಿಯ ಮೇಜಿನ ಮೇಲೆ ಬರುವಂತೆ ಇಟ್ಟೆ. ಕಟರ್ ಬ್ಲಾಕಿನ ಹತ್ತಿರ ಸಂದು ಇರಲಿಲ್ಲ. ದೂರದ ತುದಿಯಲ್ಲಿ ಮಾತ್ರ, ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಕಟ್ಟಾದ ಫೀಲರ್ ಗೇಜಿನ 0.30 ಮಿಲಿಮೀಟರ್ ಎಲೆ ಸಲೀಸಾಗಿ ತೂರಿತು. ಅಂದರೆ ಆ ಮೇಜು ಹೊರತುದಿಯಲ್ಲಿ ಜೋತುಬಿದ್ದಿತ್ತು. ಹೀಗೆ ಜೋತುಬಿದ್ದ ಮೇಜಿನ ಮೇಲೆ ಕೆತ್ತಿದ ಹಲಗೆಯ ಅಂಚು ನಡುವೆ ಹಳ್ಳವಾಗುತ್ತದೆ. ಎರಡು ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿದರೆ ತುದಿಗಳು ತಾಗಿ ಮಧ್ಯದಲ್ಲಿ ಬೆಳಕು ಕಾಣುತ್ತದೆ. ಈ ಸಂಖ್ಯೆಯನ್ನು ಸೀಮೆಸುಣ್ಣದಿಂದ ಯಂತ್ರದ ಬುಡದ ಮೇಲೇ ಬರೆದುಕೊಂಡೆ. ಮುಂದಿನ ಕೆಲಸವೆಲ್ಲ ಅದನ್ನು ಇಲ್ಲವಾಗಿಸುವುದಕ್ಕಾಗಿ ನಡೆಯಿತು.

ಬಿಚ್ಚುವಾಗ ಪ್ರತಿ ಹಂತದ ಫೋಟೋ ತೆಗೆದು, ತಿರುಪುಗಳನ್ನು ಅವು ಇದ್ದ ಜಾಗದ ಹೆಸರು ಬರೆದ ಚೀಲಗಳಲ್ಲಿ ಹಾಕಿದೆ. ಪುಲ್ಲಿ ಮಾತ್ರ ಜಗ್ಗಲಿಲ್ಲ. ಅದನ್ನು ಬಿಗಿದ ತಿರುಪನ್ನು ತೆಗೆದ ಮೇಲೂ ಅಲುಗದಿದ್ದಾಗ ರಂಧ್ರದೊಳಗೆ ದೀಪ ಬಿಟ್ಟು ನೋಡಿದೆ. ಮೊದಲನೆಯದರ ಕೆಳಗೆ ಇನ್ನೊಂದು ತಿರುಪು ಕುಳಿತಿತ್ತು. ಎರಕದ ಕಬ್ಬಿಣ ಸುತ್ತಿಗೆಯ ಏಟಿಗೆ ಬಾಗುವುದಿಲ್ಲ, ಒಡೆಯುತ್ತದೆ. ಅದಕ್ಕಾಗಿ ಪುಲ್ಲಿಯನ್ನು ಪುಲ್ಲರ್ ಹಾಕಿಯೇ ಹೊರಗೆಳೆಯಬೇಕು. ಮೇಜು ಏರಿಳಿಯುವ ಜಾರುಹಳಿಯನ್ನು ಬಿಗಿಯುವ ಗಿಬ್ ಪಟ್ಟಿಯ ತಿರುಪುಗಳು ತುಕ್ಕಿನಿಂದ ಹಿಡಿದುಕೊಂಡಿದ್ದವು. ದಿನಕ್ಕೆರಡು ಬಾರಿ ತೆಳು ಎಣ್ಣೆ ಬಿಟ್ಟು, ಸುತ್ತಲೂ ಹದವಾಗಿ ಬಿಸಿಮಾಡಿ, ಬಿಚ್ಚುವ ದಿಕ್ಕಿಗೆ ಸ್ವಲ್ಪ, ಬಿಗಿಯುವ ದಿಕ್ಕಿಗೆ ಸ್ವಲ್ಪ ಆಡಿಸುತ್ತ ಹೋದಾಗ ಐದನೆಯ ದಿನ ಸಡಿಲವಾದವು.

ಸಣ್ಣ ಭಾಗಗಳ ತುಕ್ಕಿಗೆ ವಿದ್ಯುದ್ವಿಶ್ಲೇಷಣೆಯಷ್ಟು ಒಳ್ಳೆಯ ಉಪಾಯ ನನಗೆ ಬೇರೆ ಸಿಕ್ಕಿಲ್ಲ. ಪ್ಲಾಸ್ಟಿಕ್ ತೊಟ್ಟಿಯ ನೀರಿಗೆ ವಾಷಿಂಗ್ ಸೋಡಾ ಕದಡಿ, ತುಕ್ಕು ಹಿಡಿದ ಭಾಗವನ್ನು 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತುದಿಗೂ, ಬೇಡವಾದ ಸಾಧಾರಣ ಕಬ್ಬಿಣದ ತಗಡನ್ನು ಧನ ತುದಿಗೂ ಜೋಡಿಸಿ, ಎರಡೂ ಒಂದಕ್ಕೊಂದು ತಾಗದಂತೆ ಮುಳುಗಿಸಬೇಕು. ತುದಿಗಳನ್ನು ಅದಲುಬದಲು ಮಾಡಿದರೆ ಉಳಿಸಬೇಕಾದ ಭಾಗವೇ ಕರಗುತ್ತದೆ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲನ್ನು ಎಂದಿಗೂ ಬಳಸಬಾರದು, ಏಕೆಂದರೆ ನೀರಿಗೆ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಹೈಡ್ರೋಜನ್ ಅನಿಲ ಹೊರಬರುವುದರಿಂದ ಇದನ್ನು ಗಾಳಿ ಆಡುವ ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಮಾಡಬೇಕು. ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು ಕಪ್ಪು ಮಸಿಯಾಗಿ ತಿರುಗಿ ಬ್ರಷ್ಷಿಗೆ ಬಂತು. ತೊಳೆದು ಒಣಗಿಸಿದ ಕೂಡಲೇ ಎಣ್ಣೆ ಸವರಿದೆ, ಇಲ್ಲದಿದ್ದರೆ ಗಂಟೆಯೊಳಗೆ ಹೊಸ ತುಕ್ಕು ಏಳುತ್ತದೆ.

ಮೇಜುಗಳಿಗೆ ಮಾತ್ರ ನಾನು ಯಾವ ವಿದ್ಯುತ್ ಉಪಕರಣವನ್ನೂ ಮುಟ್ಟಿಸಲಿಲ್ಲ. ತಿರುಗುವ ಸ್ಯಾಂಡರು ತುಕ್ಕಿನ ಜೊತೆಗೆ ಮೇಜಿನ ಸಮತಟ್ಟನ್ನೂ ತಿಂದುಹಾಕುತ್ತದೆ. ಚೂಪಾದ ಬ್ಲೇಡನ್ನು ಮಲಗಿಸಿ ಹಿಡಿದು ತುಕ್ಕಿನ ಮೇಲ್ಪದರವನ್ನು ಕೆರೆದು, ಸೀಮೆಎಣ್ಣೆ ಹಚ್ಚಿ, ಚಪ್ಪಟೆ ಮರದ ತುಂಡಿಗೆ ಸುತ್ತಿದ 320ರ ಉಜ್ಜುಕಾಗದದಿಂದ ತಿಕ್ಕಿದೆ. ಕಲೆಗಳು ಉಳಿದವು, ಉಳಿಯಲಿ. ಮೇಜಿಗೆ ಬೇಕಾದದ್ದು ಸಮತಟ್ಟು, ಹೊಳಪಲ್ಲ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಅದನ್ನು ಒಣಗಿದ್ದಾಗ ಉಜ್ಜದೆ, ಒದ್ದೆ ಮಾಡಿ, ಸಡಿಲವಾಗಿದ್ದಷ್ಟನ್ನೇ ಮುಖಗವಸು ಹಾಕಿಕೊಂಡು ಕೆರೆದೆ.

ಬೇರಿಂಗುಗಳ ಮೇಲೆ ಅವುಗಳ ಸಂಖ್ಯೆ 6204 ಎಂದು ಇನ್ನೂ ಓದುವಂತಿತ್ತು. ಹಳೆಯ ಯಂತ್ರ ಉಳಿಸುವವರಿಗೆ ಇದು ದೊಡ್ಡ ಅನುಕೂಲ: ಯಂತ್ರ ಮಾಡಿದವರು ಇಲ್ಲವಾದರೂ 20 ಮಿಲಿಮೀಟರ್ ಒಳರಂಧ್ರ, 47 ಹೊರವ್ಯಾಸ, 14 ಅಗಲದ ಆ ಅಳತೆ ಎಲ್ಲೆಡೆ ಒಂದೇ ಆಗಿ ಉಳಿದಿದೆ. ಎರಡೂ ಬದಿಗೆ ರಬ್ಬರ್ ಮುಚ್ಚಳ ಇರುವ, ಮರದ ಹುಡಿ ಒಳಹೋಗದ ಬೇರಿಂಗನ್ನೇ ಆರಿಸಿದೆ. ಶಾಫ್ಟಿಗೆ ಏರಿಸುವಾಗ ಒಳಬಳೆಯನ್ನು ಮಾತ್ರ ಒತ್ತಬೇಕು. ಹೊರಬಳೆಗೆ ಬಿದ್ದ ಏಟು ಗುಂಡುಗಳ ಮೂಲಕ ಹಾದು ಅವು ಓಡುವ ಹಾದಿಯಲ್ಲಿ ಗುಳಿ ಮಾಡುತ್ತದೆ, ಆಗ ಹೊಸ ಬೇರಿಂಗು ಮೊದಲ ದಿನದಿಂದಲೇ ಸದ್ದು ಮಾಡುತ್ತದೆ.

ಬಳಿಕ ಸೀಮೆಸುಣ್ಣದ ಸಂಖ್ಯೆಗೆ ಮರಳಿದೆ. ಇಳಿಜಾರಾದ ಜಾರುಹಳಿಯನ್ನು ತೊಳೆದು, ಎಣ್ಣೆ ಹಾಕಿ, ಗಿಬ್ ಬಿಗಿದಾಗಲೇ ಸಂದು 0.30ರಿಂದ 0.20ಕ್ಕೆ ಇಳಿಯಿತು. ಉಳಿದದ್ದಕ್ಕೆ ಹಿತ್ತಾಳೆಯ ತೆಳು ತಗಡು ಬೇಕಾಯಿತು. ಜಾರುಹಳಿ ಮೇಜಿನ ಅರ್ಧದಷ್ಟು ಮಾತ್ರ ಉದ್ದವಿರುವುದರಿಂದ, ಹಳಿಯ ಹೊರತುದಿಯಲ್ಲಿ 0.10 ಮಿಲಿಮೀಟರ್ ಎತ್ತಿದರೆ ಮೇಜಿನ ತುದಿ ಅದರ ಎರಡರಷ್ಟು ಏಳುತ್ತದೆ. ಈ ಲೆಕ್ಕ ಹೊಳೆಯುವ ಮೊದಲು ನಾನು 0.20ರ ತಗಡನ್ನೇ ಹಾಕಿ, ತುದಿ ಸಮಮಟ್ಟವನ್ನು ದಾಟಿ ಮತ್ತೆ 0.20ರಷ್ಟು ಮೇಲಕ್ಕೆ ಹೋದದ್ದನ್ನು ಕಂಡು ಗೊಂದಲಗೊಂಡಿದ್ದೆ. ಎಡ ಮತ್ತು ಬಲ ಹಳಿಗಳಿಗೆ ಬೇರೆಬೇರೆ ದಪ್ಪ ಬೇಕಾಗಬಹುದು, ಇಲ್ಲವಾದರೆ ಮೇಜು ತಿರುಚಿಕೊಳ್ಳುತ್ತದೆ. ಇದಕ್ಕೇ ಎರಡು ದಿನ ಹಿಡಿಯಿತು. ಇಡೀ ದುರಸ್ತಿಯಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ದಿನಗಳೂ ಅವೇ.

ಮೋಟಾರಿನ ವೇಗ 2880 ಸುತ್ತು. ಅದಕ್ಕೆ 125 ಮಿಲಿಮೀಟರಿನ ಪುಲ್ಲಿ, ಕಟರ್ ಬ್ಲಾಕಿಗೆ 80ರದ್ದು ಹಾಕಿದರೆ ಬ್ಲಾಕು ನಿಮಿಷಕ್ಕೆ 4500 ಸುತ್ತು ತಿರುಗುತ್ತದೆ. ಗಟ್ಟಿಯಾಗಿ ಬಿರಿದಿದ್ದ ಹಳೆಯ ತಂತಿಗಳನ್ನೆಲ್ಲ ಬದಲಿಸಿ, ಅರ್ಥಿಂಗ್ ಕೊಟ್ಟು, ಕರೆಂಟು ಹೋಗಿ ಬಂದಾಗ ಯಂತ್ರ ತಾನಾಗಿ ಚಾಲೂ ಆಗದಂಥ ಸ್ವಿಚ್ಚು ಹಾಕಿದೆ. ಕಳೆದುಹೋಗಿದ್ದ ಬ್ಲೇಡಿನ ಮುಚ್ಚುಗೆಯನ್ನು ಹೊಸದಾಗಿ ಮಾಡಿ ಕೂರಿಸುವವರೆಗೆ ಆ ಸ್ವಿಚ್ಚನ್ನು ಒತ್ತಲಿಲ್ಲ.

ಬ್ಲೇಡುಗಳ ಎತ್ತರಕ್ಕೆ ನೇರವಾದ ಮರದ ಪಟ್ಟಿಯೊಂದು ಸಾಕು. ಅದನ್ನು ಹೊರಬದಿಯ ಮೇಜಿನ ಮೇಲಿಟ್ಟು, ಪ್ಲಗ್ ಕಿತ್ತ ಯಂತ್ರದ ಬ್ಲಾಕನ್ನು ಕೈಯಿಂದ ತಿರುಗಿಸಿದರೆ ಬ್ಲೇಡು ಪಟ್ಟಿಯನ್ನು ಸ್ವಲ್ಪ ದೂರ ಹೊತ್ತೊಯ್ಯುತ್ತದೆ. ಮೂರೂ ಬ್ಲೇಡುಗಳು, ತಮ್ಮ ಎರಡೂ ತುದಿಗಳಲ್ಲಿ, ಅದನ್ನು ಒಂದೇ ದೂರ, ಸುಮಾರು 3 ಮಿಲಿಮೀಟರ್, ಸರಿಸುವವರೆಗೆ ಹೊಂದಿಸಿದೆ.

ಮೊದಲ ಬಾರಿಗೆ ಅರ್ಧ ಗಂಟೆ ಖಾಲಿ ಓಡಿಸಿ ನಿಲ್ಲಿಸಿ, ಬೇರಿಂಗಿನ ಮನೆಗಳನ್ನು ಮುಟ್ಟಿ ನೋಡಿದೆ, ಬೆಚ್ಚಗಿದ್ದವು, ಸುಡುತ್ತಿರಲಿಲ್ಲ. ಆಮೇಲೆ ಮೀಟರ್ ಉದ್ದದ ಎರಡು ಹಲಗೆಗಳ ಅಂಚು ಕೆತ್ತಿ, ಒಂದರ ಮೇಲೊಂದು ನಿಲ್ಲಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಬೆಳಕು ಎಲ್ಲಿಯೂ ತೂರಲಿಲ್ಲ. ಬಣ್ಣದ ಡಬ್ಬಿಯನ್ನು ಅದಾದ ಮೇಲೆ ತೆರೆದೆ.