ಹನ್ನೊಂದು ವರ್ಷದ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಹುಡುಕಿದ ಬಗೆ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯ ಕಂಪ್ಯೂಟರನ್ನು 2014ರಲ್ಲಿ ಬಿಡಿಭಾಗಗಳನ್ನು ತಂದು ನಾನೇ ಜೋಡಿಸಿದ್ದೆ. ಇಂಟೆಲ್ ಐ5-4590 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್, 2 ಜಿಬಿಯ ಜಿಟಿಎಕ್ಸ್ 750 ಟಿಐ ಕಾರ್ಡ್. 2025ರ ದೀಪಾವಳಿ ರಜೆಗೆ ಮುಲುಂಡಿನಿಂದ ಬಂದ ಅಕ್ಕನ ಮಗ ಎರಡು ದಿನ ಆಡಿ, "ಮಾಮಾ, ಕಾರ್ಡ್ ಒಂದು ಬದಲಾದರೆ ಸಾಕು, ಇದು ಹೊಸದರಂತೆ ಓಡುತ್ತದೆ" ಎಂದ. ಇರಬಹುದು. ಆದರೆ ತಡೆ ಎಲ್ಲಿದೆ ಎಂದು ನೋಡದೆ ದುಡ್ಡು ಬಿಚ್ಚುವುದು ನನಗೆ ಒಗ್ಗುವುದಿಲ್ಲ.

ಆಫ್ಟರ್‌ಬರ್ನರ್ ತಂತ್ರಾಂಶ ಹಾಕಿ, ಆಟದ ಪರದೆಯ ಮೂಲೆಯಲ್ಲಿ ಕಾರ್ಡಿನ ಬಳಕೆ, ಪ್ರೊಸೆಸರಿನ ಪ್ರತಿ ಕೋರಿನ ಬಳಕೆ ಮತ್ತು ಸೆಕೆಂಡಿಗೆ ಮೂಡುವ ಫ್ರೇಮ್‌ಗಳ, ಅಂದರೆ ಚಿತ್ರಗಳ, ಸಂಖ್ಯೆ ಕಾಣುವಂತೆ ಮಾಡಿದೆವು. ಅವನ ಕಾರ್ ರೇಸಿನ ಆಟದಲ್ಲಿ 1080ರ ರೆಸಲ್ಯೂಷನ್‌ನಲ್ಲಿ 34 ಫ್ರೇಮ್, ಕಾರ್ಡ್ ಶೇ. 99. ರೆಸಲ್ಯೂಷನ್ ಅನ್ನು 720ಕ್ಕೆ ಇಳಿಸಿದೊಡನೆ 58 ಫ್ರೇಮ್. ಕಾರ್ಡಿನ ಕೆಲಸ ಹಗುರಾದೊಡನೆ ವೇಗ ಏರಿತು, ಅಂದರೆ ಇಲ್ಲಿ ಏದುಸಿರು ಬಿಡುತ್ತಿರುವುದು ಕಾರ್ಡೇ. ನಗರದ ತುಂಬ ಜನ, ವಾಹನ ಇರುವ ಇನ್ನೊಂದು ಆಟದಲ್ಲಿ 1080ರಲ್ಲಿ 45, 720ರಲ್ಲಿ 47; ಪ್ರೊಸೆಸರಿನ ನಾಲ್ಕೂ ಕೋರುಗಳು ಶೇ. 100ರಲ್ಲಿ. ಎಷ್ಟು ದುಬಾರಿ ಕಾರ್ಡ್ ತಂದರೂ ಆ ಆಟ ಹೆಚ್ಚು ಮೇಲೇರುವುದಿಲ್ಲ. ಅರ್ಧ ಗಂಟೆಯ ಈ ಪರೀಕ್ಷೆಯನ್ನು ಮಾಡದೆ ಯಾರೂ ಅಂಗಡಿಗೆ ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅವನು ಆರಿಸಿಟ್ಟಿದ್ದು ಆರ್‌ಎಕ್ಸ್ 6500 ಎಕ್ಸ್‌ಟಿ. ಹೊಸದು, ಬೆಲೆಯೂ ಕೈಗೆಟಕುವಂಥದ್ದು. ಆದರೆ ಆ ಕಾರ್ಡಿಗೆ ಪಿಸಿಐಇ ಹಾದಿಗಳು, ಅಂದರೆ ಕಾರ್ಡಿಗೂ ಬೋರ್ಡಿಗೂ ನಡುವೆ ಮಾಹಿತಿ ಸಾಗುವ ದಾರಿಗಳು, ಇರುವುದು ನಾಲ್ಕೇ. ಅದನ್ನು ಮಾಡಿದ್ದು ನಾಲ್ಕನೆಯ ತಲೆಮಾರಿನ ಸ್ಲಾಟಿಗೆ. ಅಲ್ಲಿ ನಾಲ್ಕು ಹಾದಿಗಳಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಸಾಗುತ್ತದೆ. ನಮ್ಮ ಎಚ್81 ಬೋರ್ಡಿನದು ಎರಡನೆಯ ತಲೆಮಾರು, ಒಂದು ಹಾದಿಗೆ ಅರ್ಧ ಜಿಬಿ, ನಾಲ್ಕಕ್ಕೆ 2 ಜಿಬಿ ಮಾತ್ರ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿ, ಉಳಿದದ್ದನ್ನು ರ‍್ಯಾಮಿನಿಂದ ತರಿಸಿಕೊಳ್ಳುವ ಹೊತ್ತಿಗೆ ಆಟ ತಡವರಿಸುತ್ತದೆ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ಅವನಿಗೆ ತೋರಿಸಿದೆ. ಸುಮ್ಮನಿರುವಾಗ ಸ್ಲಾಟ್ ವಿದ್ಯುತ್ ಉಳಿಸಲು 1.1, ಅಂದರೆ ಮೊದಲನೆಯ ತಲೆಮಾರು, ಎನ್ನುತ್ತದೆ, ಪಕ್ಕದ ಪ್ರಶ್ನಾರ್ಥಕ ಚಿಹ್ನೆಯನ್ನು ಒತ್ತಿ ಕಾರ್ಡಿಗೆ ಕೆಲಸ ಕೊಟ್ಟಾಗ ನಿಜವಾದ ಅಂಕಿ, 16 ಹಾದಿ, 2.0, ಕಾಣಿಸಿತು.

ಮರುದಿನ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆಗೆ ಹೋದೆವು. ಅಂಗಡಿಯೊಂದರಲ್ಲಿ ಆರ್‌ಎಕ್ಸ್ 6600 ತೋರಿಸಿದರು. 8 ಜಿಬಿ, 132 ವಾಟ್, ಒಳ್ಳೆಯ ಕಾರ್ಡ್. ನಾನು ಮನೆಯಲ್ಲೇ, ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನ ಚೀಟಿಯ ಫೋಟೊ ತೆಗೆದುಕೊಂಡಿದ್ದೆ. ಮೇಲೆ ದಪ್ಪಕ್ಷರದಲ್ಲಿ 450 ವಾಟ್ ಎಂದಿದೆ. ಆದರೆ ಕಾರ್ಡಿಗೂ ಪ್ರೊಸೆಸರಿಗೂ ಬೇಕಾದ 12 ವೋಲ್ಟಿನ ಸಾಲಿನಲ್ಲಿ 18 ಆಂಪಿಯರ್. ಹನ್ನೆರಡು ಹದಿನೆಂಟಲೆ 216 ವಾಟ್. ಕಾರ್ಡಿಗೆ 132, ಪ್ರೊಸೆಸರಿಗೆ 84, ಕೂಡಿದರೆ ಸರಿಯಾಗಿ 216. ಫ್ಯಾನಿಗೂ ಹಾರ್ಡ್ ಡಿಸ್ಕಿಗೂ ಉಳಿಯುವುದು ಸೊನ್ನೆ. ಆ ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ವೈರ್ ಕೂಡ ಅದರಲ್ಲಿಲ್ಲ. "ಕನ್ವರ್ಟರ್ ವೈರ್ ಹಾಕಿಕೊಡುತ್ತೇನೆ, ಏನೂ ಆಗುವುದಿಲ್ಲ" ಎಂದರು. ಹಳೆಯ ಎಸ್‌ಎಂಪಿಎಸ್ ಮೇಲೆ ಅಂಥ ಭಾರ ಹೇರಿದರೆ ಅದು ಹೋಗುವಾಗ ಬೋರ್ಡನ್ನೂ ಜೊತೆಗೆ ಕೊಂಡೊಯ್ಯಬಹುದು. ಬೇಡ ಎಂದೆ.

ಹೊಸ ಎಸ್‌ಎಂಪಿಎಸ್ ಸೇರಿಸಿ ಕೊಳ್ಳಬಹುದಿತ್ತು. ಆದರೆ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು, ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಇನ್ನು ಎಷ್ಟು ದಿನ ಎಂದು ಹೇಳಲಾಗದ ಯಂತ್ರಕ್ಕೆ ಅಷ್ಟು ಸುರಿಯಲು ಮನಸ್ಸಾಗಲಿಲ್ಲ.

ಕೊನೆಗೆ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650 ಒಪ್ಪಿಗೆಯಾಯಿತು. 75 ವಾಟ್, ನಾವು ಆರಿಸಿದ ಮಾದರಿಗೆ ಬೇರೆ ವೈರ್ ಬೇಡ, ಸ್ಲಾಟಿನಿಂದಲೇ ವಿದ್ಯುತ್ ಸಿಗುತ್ತದೆ. ಮೆಮೊರಿ ಇದಕ್ಕೂ 4 ಜಿಬಿಯೇ, ಆದರೆ ಹಾದಿ ಹದಿನಾರು. ನಮ್ಮ ಹಳೆಯ ಸ್ಲಾಟಿನಲ್ಲೂ 8 ಜಿಬಿಯ ವೇಗ ದಕ್ಕುತ್ತದೆ. ಅಂಗಡಿಯಲ್ಲೇ ಇಪ್ಪತ್ತು ನಿಮಿಷ ಪೂರ್ತಿ ಭಾರ ಕೊಟ್ಟು, ಪರದೆಯಲ್ಲಿ ಚುಕ್ಕೆ, ಗೆರೆ ಮೂಡುತ್ತವೆಯೇ, ಫ್ಯಾನ್ ಕರಕರ ಎನ್ನುತ್ತದೆಯೇ ಎಂದು ನೋಡಿಯೇ ಹಣ ಕೊಟ್ಟೆವು. ಬರುವಾಗ ಮೊದಲಿನದರ ಜೊತೆಗೆ 8 ಜಿಬಿಯ ಇನ್ನೊಂದು ಡಿಡಿಆರ್3 ರ‍್ಯಾಮ್ ಕೂಡ ಕೊಂಡೆವು.

ಅದೇ ಎರಡು ಆಟ, ಅದೇ ಸೆಟ್ಟಿಂಗ್. ರೇಸಿನ ಆಟ 34ರಿಂದ 63ಕ್ಕೆ ಏರಿತು. ನಗರದ ಆಟ 45ರಿಂದ 51ಕ್ಕೆ, ಅದೂ ಬಹುಪಾಲು ರ‍್ಯಾಮಿನ ಪುಣ್ಯ ಎಂದೇ ನನ್ನ ಎಣಿಕೆ. ಅಲ್ಲಿ ಆಗಾಗ ಎಡವುವುದು ಉಳಿದಿತ್ತು. ಫ್ರೇಮ್ ಮಿತಿಯನ್ನು 45ಕ್ಕೆ ಕಟ್ಟಿಹಾಕಿದೆವು, ಪ್ರೊಸೆಸರಿಗೆ ತುಸು ಉಸಿರು ಸಿಕ್ಕಿತು. ಹುಡುಗ ರಾತ್ರಿ ಹನ್ನೊಂದರವರೆಗೆ ಏಳಲಿಲ್ಲ.