ಕಿಡ್ನಿಯ ಬಯೋಮಾರ್ಕರ್ ನಮ್ಮ ಐಸಿಯುನಲ್ಲಿ ಕೊನೆಗೂ ಕೆಲಸಕ್ಕೆ ಬಂದದ್ದು

"ಕ್ರಿಯೇಟಿನಿನ್ ಇರುವಾಗ ಈ ದುಬಾರಿ ಕಿಟ್ ಯಾರಿಗೆ ಬೇಕು?" ಎಂದು ಮೊದಲು ಮೂಗು ಮುರಿದವರು ನಮ್ಮ ಹೃದಯ ಶಸ್ತ್ರಚಿಕಿತ್ಸಕರು. ಕ್ರಿಯೇಟಿನಿನ್ ಎಂದರೆ ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ತ್ಯಾಜ್ಯ; ಕಿಟ್ ಎಂದರೆ ಅದಕ್ಕೂ ಮೊದಲೇ ಪೆಟ್ಟಿನ ಸುಳಿವು ಕೊಡುವ ಬಯೋಮಾರ್ಕರ್ ಪರೀಕ್ಷೆ. ಈಗ ರೋಗಿ ಐಸಿಯುಗೆ ಬಂದು ನಾಲ್ಕು ಗಂಟೆಯಾಗುತ್ತಲೇ "ಎಷ್ಟು ಬಂತು?" ಎಂದು ಫೋನ್ ಮಾಡುವವರೂ ಅವರೇ. ಜಂಬ ಎನ್ನಿಸಿದರೆ ಎನ್ನಿಸಲಿ, ಆ ಫೋನಿಗಾಗಿ ಸಾಕಷ್ಟು ಮಾತು ಕೇಳಿದ್ದೇನೆ.

ಶುರುವಾದದ್ದು ಕಿಡ್ನಿಗೆ ಪೆಟ್ಟಾದಾಗ ರಕ್ತ, ಮೂತ್ರದಲ್ಲಿ ಏರುವ ಪ್ರೋಟೀನ್ ಎನ್‌ಗ್ಯಾಲ್‌ನಿಂದ. 2005ರಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಅಧ್ಯಯನ ಬಂದ ಮೇಲೆ ಅದರ ಹೆಸರು ಎಲ್ಲರ ಬಾಯಲ್ಲಿತ್ತು. ಬೈಪಾಸ್ (ಹೃದಯ-ಶ್ವಾಸಕೋಶದ ಕೆಲಸ ಮಾಡುವ ಪಂಪು) ಆದ ಎರಡು ಗಂಟೆಯೊಳಗೆ ಏರುತ್ತದೆ ಎಂಬುದು ಆ ಮಕ್ಕಳ ಮಟ್ಟಿಗೆ ನಿಜ. ನಮ್ಮಲ್ಲಿ ಮಲಗಿದ್ದವರೋ ಸೆಪ್ಸಿಸ್ (ಸೋಂಕಿಗೆ ದೇಹವೇ ಕೆರಳಿ ಅಂಗಗಳು ಸೋಲುವ ಸ್ಥಿತಿ), ಹಳೆಯ ಸಿಕೆಡಿ (ದೀರ್ಘಕಾಲದ ಕಿಡ್ನಿ ಕಾಯಿಲೆ), ಕ್ಯಾತಿಟರ್ ಸೋಂಕು ಎಲ್ಲವನ್ನೂ ಹೊತ್ತ ಹಿರಿಯರು. ಎನ್‌ಗ್ಯಾಲ್ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳಿಂದಲೂ ಬರುತ್ತದಲ್ಲ! ಕೀವುಕಣ ತುಂಬಿದ ಮೂತ್ರದಲ್ಲಿ ಅದು ಎಗರಿಬೀಳುತ್ತಿತ್ತು, ಕ್ರಿಯೇಟಿನಿನ್ ಮಾತ್ರ ಅಲುಗುತ್ತಿರಲಿಲ್ಲ. ನೆನಪಿನಿಂದ ಹೇಳುವುದಾದರೆ, ಪ್ಲಾಸ್ಮಾದಲ್ಲಿ ಮಿ.ಲೀ.ಗೆ 150 ನ್ಯಾನೋಗ್ರಾಂ ದಾಟಿದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಏನೂ ಆಗಲಿಲ್ಲ. ಒಂದು ಕಿಟ್‌ನ ಹಣದಲ್ಲಿ ಇಡೀ ವಾರ್ಡಿಗೆ ಕ್ರಿಯೇಟಿನಿನ್ ಮಾಡಿಸಬಹುದಿತ್ತು. ಆಡಳಿತದವರು ಕಡತ ಮುಚ್ಚಿಬಿಟ್ಟರು.

ಅದನ್ನು ಮತ್ತೆ ತೆರೆಸಿದ್ದು ಮೂತ್ರದಲ್ಲಿ ಸಿಗುವ ಎರಡು ಪ್ರೋಟೀನ್‌ಗಳಾದ ಟಿಂಪ್-2 ಮತ್ತು ಐಜಿಎಫ್‌ಬಿಪಿ7 ಜೋಡಿ. ಇದರಲ್ಲೂ ಮೊದಮೊದಲು ದುಡ್ಡು ನೀರಿನಂತೆ ಹರಿಯಿತು. ಎರಡರಿಂದ ಬರುವ ಒಂದೇ ಅಂಕಿಗೆ 0.3ರ ಗಡಿ ಇಟ್ಟರೆ ಸುಳ್ಳು ಎಚ್ಚರಿಕೆ ಹೆಚ್ಚು, 2.0 ಇಟ್ಟರೆ ಅನೇಕರು ಕೈತಪ್ಪುತ್ತಾರೆ ಎಂದು ದಿನವೂ ವಾದ. ಆ ವಾದದ ನಡುವೆ ಬಂದ ಅಂಕಿ ಕೇಸ್ ಶೀಟಿನಲ್ಲಿ ಸುಮ್ಮನೆ ಕುಳಿತಿರುತ್ತಿತ್ತು. ಔಷಧಿಯ ಪಟ್ಟಿಯಲ್ಲಿ ಒಂದು ಸಾಲೂ ಬದಲಾಗುತ್ತಿರಲಿಲ್ಲ.

ಹಾಗಾಗಿ ಕ್ರಮವನ್ನೇ ತಿರುಗಿಸಿದೆ. ಫಲಿತಾಂಶ ಬಂದರೆ ಏನು ಮಾಡಬೇಕೆಂಬ ಹಾಳೆ ಮೊದಲೇ ಸಹಿಯಾಗಿ ಹಾಸಿಗೆಯ ಬಳಿ ಇರಬೇಕು, ಅದಿಲ್ಲದೆ ಕಿಟ್ ಒಡೆಯುವಂತಿಲ್ಲ. 0.3 ದಾಟಿತೋ, ರಕ್ತದೊತ್ತಡದ ಎಸಿಇ ತಡೆಕಗಳು, ಕಿಡ್ನಿಗೆ ಕೆಟ್ಟದಾದ ನೋವಿನ ಮಾತ್ರೆ, ಅಮಿನೋಗ್ಲೈಕೋಸೈಡ್ ಆಂಟಿಬಯಾಟಿಕ್ ನಿಲ್ಲುತ್ತವೆ. ಸ್ಕ್ಯಾನಿಗೆ ಚುಚ್ಚುವ ಕಾಂಟ್ರಾಸ್ಟ್ ದ್ರಾವಣ ಮುಂದಕ್ಕೆ ಹೋಗುತ್ತದೆ. ರಕ್ತದೊತ್ತಡ, ಹೃದಯ ಹೊರದೂಡುವ ರಕ್ತದ ಪ್ರಮಾಣವಾದ ಕಾರ್ಡಿಯಾಕ್ ಔಟ್‌ಪುಟ್, ಸಕ್ಕರೆಯ ಮೇಲೆ ಬಿಗಿ ನಿಗಾ. ಹೊಸದೇನಲ್ಲ, ಕಿಡ್ನಿ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಕೆಡಿಗೋ ಹೇಳಿದ್ದೇ. 2017ರ ಪ್ರಿವ್‌ಎಕೆಐ ಪ್ರಯೋಗದಲ್ಲಿ ಇದರಿಂದಲೇ ಎಕೆಐ (ಹಠಾತ್ ಕಿಡ್ನಿ ಹಾನಿ) ಸುಮಾರು ಶೇ 72ರಿಂದ 55ಕ್ಕೆ ಇಳಿದಿತ್ತು. ಡಯಾಲಿಸಿಸ್‌ನಲ್ಲಾಗಲೀ ಸಾವಿನಲ್ಲಾಗಲೀ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಆಡಳಿತದವರಿಗೆ ಮುಚ್ಚಿಡದೆ ಹೇಳಿದೆ.

ಎಲ್ಲರಿಗೂ ಮಾಡುವುದನ್ನು ಬಿಟ್ಟೆವು. ಬೈಪಾಸ್ ಪಂಪಿನ ಮೇಲೆ ಹೆಚ್ಚು ಹೊತ್ತು ಇದ್ದವರು, ಮಧುಮೇಹಿಗಳು, ಹೃದಯದ ಬಲ ಕುಗ್ಗಿದವರು, ಇಷ್ಟೇ. ಕಿಟ್‌ಗಳ ಬಳಕೆ ಮೂರರಲ್ಲಿ ಒಂದಂಶಕ್ಕೆ ಇಳಿಯಿತು. ಮಾದರಿಯ ವಿಷಯದಲ್ಲಿ ನಾನು ತುಸು ಜಿಗುಟು: ಚೀಲದಲ್ಲಿ ನಿಂತ ಮೂತ್ರ ಬೇಡ. ನಳಿಗೆಯಲ್ಲಿದ್ದುದನ್ನು ಚೀಲಕ್ಕೆ ಇಳಿಸಿ, ಪೋರ್ಟಿನ ಕೆಳಗೆ ಕ್ಲಾಂಪ್ ಹಾಕಿ, ಹೊಸದಾಗಿ ಇಳಿದು ಬಂದದ್ದನ್ನೇ ಸಿರಿಂಜಿನಲ್ಲಿ ಎಳೆಯಬೇಕು. ಕಾಮಾಲೆಯಿಂದ ಗಾಢ ಅರಿಶಿನ ಬಣ್ಣಕ್ಕೆ ತಿರುಗಿದ್ದರೆ ಕಳಿಸಲೇಬೇಡಿ, ಬಿಲಿರುಬಿನ್ ಅಂಕಿಯನ್ನು ಕೆಡಿಸುತ್ತದೆ. ಪಾಳಿ ಬದಲಾಗುವ ಹೊತ್ತಿನಲ್ಲಿ ಈ ಮಾದರಿ ತಪ್ಪದಂತೆ ನರ್ಸ್‌ಗಳೊಡನೆ ಮಾಡಿಕೊಂಡ ಏರ್ಪಾಡೊಂದಿದೆ. ಅದು ನಮ್ಮಲ್ಲೇ ಇರಲಿ.

ನಡುವೆ ಕಿಡ್ನಿಯ ಕೆಲಸ ಅಳೆಯುವ ಇನ್ನೊಂದು ರಕ್ತಪರೀಕ್ಷೆ, ಸಿಸ್ಟಾಟಿನ್ ಸಿ ಕೂಡ ನೋಡಿದೆವು. ಸ್ನಾಯು ಕರಗಿದವರಲ್ಲಿ ಕ್ರಿಯೇಟಿನಿನ್‌ಗಿಂತ ನಂಬಬಹುದು, ಆದರೆ ಸ್ಟೀರಾಯ್ಡ್ ಹೆಚ್ಚು ಕೊಟ್ಟವರಲ್ಲಿ ಅದೇ ಏರಿ ಕಾಡುತ್ತದೆ.

ಎಕೆಐ ಈಗಾಗಲೇ ಕಾಲಿಟ್ಟಿದ್ದರೆ ನಾನು ಕಿಟ್ ಮುಟ್ಟುವುದಿಲ್ಲ. ನೀರಿನಂಶ ಸರಿಯಿದೆಯೆಂದು ಖಚಿತವಾದ ಮೇಲೆ ಮೂತ್ರ ಹೆಚ್ಚಿಸುವ ಔಷಧಿ ಫ್ಯುರೋಸೆಮೈಡ್ ಕೆಜಿಗೆ 1 ಮಿ.ಗ್ರಾಂ, ಮೊದಲೇ ತೆಗೆದುಕೊಂಡವರಿಗೆ 1.5. ಎರಡು ಗಂಟೆಯಲ್ಲಿ 200 ಮಿ.ಲೀ. ಮೂತ್ರ ಬಾರದಿದ್ದರೆ ಡಯಾಲಿಸಿಸ್ ತಂಡಕ್ಕೆ ಮುಂಚಿತವಾಗಿಯೇ ಸುದ್ದಿ ಮುಟ್ಟಿಸುತ್ತೇನೆ. ಅದೇ ಬಿಡುವಿನಲ್ಲಿ ಮೂತ್ರದ ಸ್ಲೈಡನ್ನೂ ಒಮ್ಮೆ ನೋಡುತ್ತೇನೆ. ಕಿಡ್ನಿಯ ನಾಳಗಳಿಗೇ ಪೆಟ್ಟಾದ ಗುರುತಾದ ಕೆಸರುಗಂದು ಬಣ್ಣದ ಕಾಸ್ಟ್‌ಗಳು ಸಾಲುಗಟ್ಟಿದ್ದರೆ ಇನ್ನೊಂದು ಫ್ಲೂಯಿಡ್ ಬಾಟಲಿ ಏರಿಸಲು ಹೊರಟವರನ್ನು ತಡೆಯಲು ಅಷ್ಟೇ ಸಾಕು. ಇವೆರಡಕ್ಕೂ ಸೇರಿ ಆಗುವ ಖರ್ಚಿಗೆ ಆಡಳಿತದವರು ಬಿಲ್ ಕೂಡ ಕೇಳುವುದಿಲ್ಲ.