ಮೂಲವ್ಯಾಧಿ: ಮನೆಯಲ್ಲಿ ಮಾಡೋದೇನು, ಡಾಕ್ಟರ ಹತ್ತಿರ ಹೋಗೋದು ಯಾವಾಗ

ಮಳೆ ಹಿಡಿದುಕೊಂಡಿತು ಅಂದರೆ ನಮ್ಮ ಸಕಲೇಶಪುರ, ಮೂಡಿಗೆರೆ ಕಡೆಯ ಜನ ನೀರು ಕುಡಿಯೋದನ್ನೇ ಮರೆತುಬಿಡುತ್ತಾರೆ. ಚಳಿಗೆ ಬಾಯಾರಿಕೆ ಆಗಲ್ಲ. ಬೆಳಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಕಡುಬು, ಜೊತೆಗೆ ಕೋಳಿ ಸಾರೋ ಹಂದಿ ಮಾಂಸವೋ. ನಡುವೆ ಗಂಟೆಗೊಂದು ಕಾಫಿ. ಸೊಪ್ಪು, ತರಕಾರಿ ಹೆಸರಿಗೆ ಮಾತ್ರ. ಹೀಗೇ ನಾಲ್ಕು ದಿನ ನಡೆದರೆ ಹೊಟ್ಟೆ ಕಟ್ಟುತ್ತದೆ, ಕೂತು ತಿಣುಕಬೇಕಾಗುತ್ತದೆ. ಮೂಲವ್ಯಾಧಿ ಎಷ್ಟೋ ಜನಕ್ಕೆ ಶುರುವಾಗೋದು ಅಲ್ಲಿಂದಲೇ.

ಗುದದ್ವಾರದ ಒಳಗೂ ಅಂಚಿನಲ್ಲೂ ಇರುವ ರಕ್ತನಾಳಗಳು ಒತ್ತಡಕ್ಕೆ ಊದಿಕೊಳ್ಳುತ್ತವೆ. ಪೈಲ್ಸ್ ಅನ್ನೋದು ಅದನ್ನೇ. ಒಳಗಡೆ ಊದಿದ್ದರೆ ಸಾಮಾನ್ಯವಾಗಿ ನೋವಿರಲ್ಲ, ಮಲ ಹೋದ ಮೇಲೆ ಕೆಂಪು ರಕ್ತ ತೊಟ್ಟಿಕ್ಕುತ್ತದೆ. ಹೊರಗಡೆ ಗಂಟಾಗಿ ಅದರೊಳಗೆ ರಕ್ತ ಹೆಪ್ಪುಗಟ್ಟಿದರೆ ಕೂರಲಾರದಷ್ಟು ನೋವು. ಮೊದಲ ಎರಡು ಮೂರು ದಿನ ಆ ನೋವು ಜೋರಾಗಿರುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಮಲ ಹೋಗುವಾಗ ಬ್ಲೇಡಿನಲ್ಲಿ ಕೊಯ್ದ ಹಾಗೆ ಉರಿದರೆ ಅದು ಮೂಲವ್ಯಾಧಿಗಿಂತ ಸೀಳು, ಅಂದರೆ ಫಿಶರ್, ಇರೋ ಸಾಧ್ಯತೆ ಜಾಸ್ತಿ.

ಮನೆಮದ್ದು ಅಂದರೆ ಎಲ್ಲರೂ ಹಚ್ಚೋದಕ್ಕೆ ಏನಿದೆ ಅಂತ ಕೇಳುತ್ತಾರೆ. ನಾನು ಹೇಳೋದು, ಮೊದಲು ಮಲ ಮೆತ್ತಗಾಗಲಿ. ಅದು ಗಟ್ಟಿ ಇರೋವರೆಗೂ ಎಂಥ ಮುಲಾಮು ಹಚ್ಚಿದರೂ ಮಾರನೇ ದಿನ ಮತ್ತೆ ಅದೇ ಗಾಯ ಕೆದಕಿದಂತೆ. ದಿನಕ್ಕೆ ಏಳೆಂಟು ಲೋಟ ನೀರು ಕುಡಿಯಿರಿ, ಚಳಿಗೆ ಬೆಚ್ಚಗೆ ಬೇಕಾದರೆ ಜೀರಿಗೆ ಹಾಕಿ ಕುದಿಸಿಕೊಳ್ಳಿ. ಹೃದಯದ್ದೋ ಕಿಡ್ನಿಯದೋ ತೊಂದರೆ ಇದ್ದು ನೀರು ಕಡಿಮೆ ಕುಡಿಯಿರಿ ಅಂತ ಡಾಕ್ಟರ್ ಹೇಳಿದ್ದರೆ ಅವರ ಮಾತೇ ನಡೆಯಲಿ. ರಾಗಿ ಮುದ್ದೆಗೆ ಬಸ್ಸಾರು ಮಾಡಿ, ಬಸಿದ ಸೊಪ್ಪು ಕಾಳಿನ ಪಲ್ಯ ತಟ್ಟೆ ತುಂಬ ಹಾಕಿಕೊಳ್ಳಿ. ಪರಂಗಿ, ಸೀಬೆ, ಬಾಳೆದಿಂಡು, ತೋಟದಲ್ಲಿ ಸಿಗೋದೆಲ್ಲ ಒಳ್ಳೆಯದೇ. ನಾರಿನಂಶ ದಿನಕ್ಕೆ 25ರಿಂದ 30 ಗ್ರಾಂ ಬೇಕು ಅಂತಾರೆ ಡಾಕ್ಟರುಗಳು. ಒಂದೇ ದಿನ ಒಟ್ಟಿಗೆ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ವಾರದಲ್ಲಿ ನಿಧಾನವಾಗಿ ಏರಿಸಿ. ಊಟದಿಂದ ಸಾಲದಿದ್ದರೆ ಮೆಡಿಕಲ್ ಶಾಪಿನಲ್ಲಿ ಇಸಬ್‌ಗೋಲ್ ಸಿಗುತ್ತದೆ. ರಾತ್ರಿ ಒಂದೆರಡು ಚಮಚವನ್ನು ಲೋಟ ತುಂಬ ನೀರಿಗೆ ಹಾಕಿ, ಗಟ್ಟಿಯಾಗೋ ಮುಂಚೆ ಕುಡಿದುಬಿಡಿ. ನೀರು ಕಡಿಮೆ ಮಾಡಿದರೆ ಅದೇ ಹೊಟ್ಟೆ ಕಟ್ಟಿಸುತ್ತದೆ.

ಸುವರ್ಣಗೆಡ್ಡೆ ಮೂಲವ್ಯಾಧಿಗೆ ಒಳ್ಳೆಯದು ಅನ್ನೋದು ಹಳಬರ ಮಾತು. ಹುಣಸೆಹುಳಿ ಹಾಕಿ ಬೇಯಿಸಿ ಧಾರಾಳವಾಗಿ ತಿನ್ನಿ. ಆದರೆ ಅದನ್ನು ತಿಂದರೆ ಗಂಟು ಉದುರಿಹೋಗುತ್ತದೆ ಅಂತ ಕಾಯುತ್ತಾ ಕೂರಬೇಡಿ. ಮುಟ್ಟಿದರೆ ಮುನಿ ಸೊಪ್ಪನ್ನೋ ಸುಣ್ಣವನ್ನೋ ರಕ್ತ ಬರೋ ಜಾಗಕ್ಕೆ ಮಾತ್ರ ಹಚ್ಚಲೇಬೇಡಿ.

ನೋವಿಗೆ ಬಿಸಿನೀರಿನಷ್ಟು ಹಿತ ಬೇರೆ ಇಲ್ಲ. ನಮ್ಮ ಕಡೆ ಬಚ್ಚಲ ಹಂಡೆಯಲ್ಲಿ ನೀರು ಕಾದೇ ಇರುತ್ತದೆ ಅಲ್ವಾ. ಅಗಲವಾದ ಪ್ಲಾಸ್ಟಿಕ್ ಟಬ್ಬಿಗೆ ನಾಲ್ಕು ಬೆರಳಷ್ಟು ನೀರು ಬಿಟ್ಟುಕೊಳ್ಳಿ. ಕೈಯಲ್ಲ, ಮೊಣಕೈ ಅದ್ದಿ ನೋಡಿ. ಕೆಲಸ ಮಾಡಿ ಒರಟಾದ ಅಂಗೈಗೆ ಬಿಸಿ ಗೊತ್ತಾಗಲ್ಲ, ಮೊಣಕೈಗೆ ಉಗುರುಬೆಚ್ಚಗೆ ಅನ್ನಿಸಿದರೆ ಸರಿ. 10ರಿಂದ 15 ನಿಮಿಷ ಸುಮ್ನೆ ಕೂತುಕೊಳ್ಳಿ, ದಿನಕ್ಕೆ ಎರಡು ಮೂರು ಸಲ. ಡೆಟಾಲ್ ಬೇಡ, ಸೋಪೂ ಬೇಡ. ಆಮೇಲೆ ಹಳೇ ಪಂಚೆಯ ಮೆತ್ತನೆ ತುಂಡಿನಿಂದ ಒತ್ತಿ ಒರೆಸಿ, ಉಜ್ಜಬೇಡಿ. ಊತ ಜಾಸ್ತಿ ಇದ್ದರೆ ಬಟ್ಟೆಯಲ್ಲಿ ಐಸ್ ಸುತ್ತಿ ಸ್ವಲ್ಪ ಹೊತ್ತು ಇಡಬಹುದು. ಮರಗಟ್ಟಿಸೋ ಮುಲಾಮು, ಸ್ಟಿರಾಯ್ಡ್ ಇರೋ ಮುಲಾಮುಗಳನ್ನು ಡಾಕ್ಟರನ್ನು ಕೇಳದೆ ಒಂದು ವಾರಕ್ಕಿಂತ ಹೆಚ್ಚು ಹಚ್ಚಬಾರದು.

ಮೊಬೈಲ್ ಹಿಡಿದುಕೊಂಡು ಕಮೋಡಿನ ಮೇಲೆ ಅರ್ಧ ಗಂಟೆ ಕೂರೋದನ್ನು ಬಿಡಿ. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ. ಕಾಲ ಕೆಳಗೆ ಒಂದು ಮಣೆ ಇಟ್ಟುಕೊಂಡರೆ ತಿಣುಕೋದು ಕಡಿಮೆಯಾಗುತ್ತದೆ. ಕಾಫಿ ಮೂಟೆ ಹೊರೋವರು ಈ ನೋವಿದ್ದಾಗ ನಾಲ್ಕು ದಿನವಾದರೂ ಭಾರ ಬಿಡಿ.

ಬಾಣಂತಿಯರ ವಿಷಯ ಬಿಡಿಸಿ ಹೇಳಲೇಬೇಕು. ನಮ್ಮಲ್ಲಿ ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ದಪ್ಪ ಆಗುತ್ತದೆ, ಸೊಪ್ಪು ಕೊಟ್ಟರೆ ಮಗುವಿಗೆ ಶೀತ ಅಂತ ಬರೀ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ ಕೊಡೋ ಮನೆಗಳು ಇನ್ನೂ ಇವೆ. ಬಸುರಲ್ಲೇ ಆ ಭಾಗದ ಮೇಲೆ ಭಾರ ಬಿದ್ದಿರುತ್ತದೆ, ಹೆರಿಗೆಯಲ್ಲಿ ಮುಕ್ಕಿರುತ್ತಾಳೆ, ಮೇಲೆ ಕಬ್ಬಿಣದ ಮಾತ್ರೆ ಬೇರೆ ಹೊಟ್ಟೆ ಕಟ್ಟಿಸುತ್ತದೆ. ಹಾಲು ಕುಡಿಸೋ ತಾಯಿಗೆ ನೀರು ಜಾಸ್ತಿಯೇ ಬೇಕು. ನನ್ನ ತಂಗಿಯ ಸೊಸೆ ಒಂದು ದಿನ ಅಡುಗೆಮನೆ ಬಾಗಿಲಲ್ಲಿ ನಿಂತು, "ದೊಡ್ಡಮ್ಮಾ, ಅತ್ತೆಗೆ ಹೇಳಬೇಡಿ, ರಕ್ತ ಹೋಗ್ತಿದೆ" ಅಂದಳು. ಕೂತು ಹಾಲು ಕುಡಿಸೋಕೂ ಅವಳಿಗೆ ಆಗುತ್ತಿರಲಿಲ್ಲ. ನಾನು ತಂಗಿಗೆ ಹೇಳಿಯೇ ಹೇಳಿದೆ. ಅವತ್ತಿಂದ ಸೊಪ್ಪಿನ ಸಾರು, ಹಣ್ಣು, ಪಕ್ಕದಲ್ಲೇ ಬಿಸಿನೀರಿನ ಫ್ಲಾಸ್ಕ್. ಹೆರಿಗೆ ಮಾಡಿಸಿದ ಲೇಡಿ ಡಾಕ್ಟರ್ ನೋಡಿ, ಎದೆಹಾಲಿಗೆ ತೊಂದರೆಯಿಲ್ಲದ ಔಷಧಿ ಕೊಟ್ಟರು. ಅತ್ತೆಯಂದಿರೇ, ದಯವಿಟ್ಟು ನೀವಾಗಿಯೇ ಕೇಳಿ. ಆ ಹುಡುಗಿಯರು ತಾವಾಗಿ ಬಾಯಿ ಬಿಡಲ್ಲ.

ಒಂದು ವಾರ ಇಷ್ಟೆಲ್ಲ ಮಾಡಿಯೂ ರಕ್ತ, ನೋವು ಇಳಿಯದಿದ್ದರೆ ಮನೆಮದ್ದು ಸಾಕು, ಡಾಕ್ಟರಿಗೆ ತೋರಿಸಿ. ಮೊದಲ ಸಲ ರಕ್ತ ಕಂಡವರು, ಅದರಲ್ಲೂ 45 ದಾಟಿದವರು, ಮೂಲವ್ಯಾಧಿ ಅಂತ ತಾವೇ ತೀರ್ಮಾನ ಮಾಡಬಾರದು. ಕರುಳಿನ ಕ್ಯಾನ್ಸರಿನಲ್ಲೂ ರಕ್ತ ಬರುತ್ತದೆ. ತೂಕ ಇಳಿಯೋದು, ಮಲ ಹೋಗೋ ರೀತಿ ವಾರಗಟ್ಟಲೆ ಬದಲಾಗಿರೋದು, ಸುಸ್ತು, ಮನೆಯಲ್ಲಿ ಯಾರಿಗಾದರೂ ಆ ಕಾಯಿಲೆ ಇದ್ದದ್ದು, ಇವುಗಳಲ್ಲಿ ಒಂದಿದ್ದರೂ ತಡ ಬೇಡ. ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿದ್ದರೆ ರಕ್ತ ಮೇಲಿಂದ, ಹೊಟ್ಟೆಯಿಂದ ಬರುತ್ತಿರಬಹುದು, ಅವತ್ತೇ ಹೋಗಿ. ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತದೆ ನಿಜ, ಆದರೂ ಕೇಳಿಬಿಡೋದು ಒಳ್ಳೆಯದು. ಜ್ವರ, ಕೀವು ಇದ್ದರೂ ಕಾಯಬಾರದು. ಹೊರಬಂದ ಗಂಟು ಒಳಗೆ ಹೋಗದೆ ನೋವು ಏರುತ್ತಿದ್ದರೂ ಅಷ್ಟೇ. ರಕ್ತ ನಿಲ್ಲದೆ ಹೋಗುತ್ತಾ ತಲೆ ಸುತ್ತಿದರೆ 108ಕ್ಕೆ ಫೋನ್ ಮಾಡಿ. ಮಳೆಗಾಲದಲ್ಲಿ ರಸ್ತೆಗೆ ಮರ ಬೀಳೋ ಊರು ನಮ್ಮದು, ಬೆಳಗಾಗಲಿ ನೋಡೋಣ ಅನ್ನಬೇಡಿ.

ಬಸ್ ಸ್ಟ್ಯಾಂಡ್ ಗೋಡೆಯಲ್ಲಿ "ಆಪರೇಷನ್ ಇಲ್ಲದೆ ಒಂದೇ ದಿನದಲ್ಲಿ ಗುಣ" ಅಂತ ಬರೆದಿರೋ ಕಡೆ ಹೋಗಿ ಸುಟ್ಟುಕೊಂಡು ಬಂದವರಿದ್ದಾರೆ. ಹಾಸನದ ಹಿಮ್ಸ್ ಆಸ್ಪತ್ರೆ, ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆ ಇರುವಾಗ ಅಲ್ಲಿಗೇಕೆ ಹೋಗಬೇಕು? ಆಯುರ್ವೇದದಲ್ಲೇ ನಂಬಿಕೆ ಇದ್ದರೆ ಓದಿದ ವೈದ್ಯರಿಗೇ ತೋರಿಸಿ. ಎಲ್ಲರಿಗೂ ಆಪರೇಷನ್ ಬೇಕಾಗಲ್ಲ, ಎಷ್ಟೋ ಜನಕ್ಕೆ ಗಂಟಿನ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಅದೇ ದಿನ ಮನೆಗೆ ಕಳಿಸುತ್ತಾರೆ. ಪರೀಕ್ಷೆಗೂ ಹೆದರಬೇಡಿ. ಮಗ್ಗುಲಾಗಿ ಮಲಗಿಸಿ, ಮೇಲೆ ಬಟ್ಟೆ ಹೊದಿಸಿ, ಗ್ಲೌಸ್ ಹಾಕಿದ ಬೆರಳಲ್ಲಿ ನೋಡುತ್ತಾರೆ, ಕೆಲವೇ ನಿಮಿಷ. ಹೆಂಗಸರು ಲೇಡಿ ಡಾಕ್ಟರ್ ಬೇಕು ಅಂತ ಕೇಳಬಹುದು. ಹೋಗುವಾಗ ಬಿ.ಪಿ., ಹಾರ್ಟು, ರಕ್ತ ತೆಳು ಮಾಡೋದು ಅಂತ ನುಂಗುತ್ತಿರೋ ಮಾತ್ರೆಗಳ ಚೀಟಿ ಚೀಲಕ್ಕೆ ಹಾಕಿಕೊಳ್ಳಿ. ಆ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.